ಬಚ್ಚಲಿನ ಕಟ್ಟೆಯ ಮೇಲೆ ಐದು ಟ್ಯೂಬು

ತೀರ್ಥಹಳ್ಳಿಯಲ್ಲಿ ಮೂವತ್ತೊಂದು ವರ್ಷ ಹಲ್ಲು ನೋಡಿದವಳು ನಾನು. ಎಳ್ಳಮಾವಾಸ್ಯೆ ಜಾತ್ರೆ ಮುಗಿದ ಮರುವಾರ ಬೆಂಡು ಬತ್ತಾಸಿನ ಹಲ್ಲುನೋವುಗಳು ಮಹಡಿಯ ಮೆಟ್ಟಿಲವರೆಗೂ ಸಾಲು ನಿಲ್ಲುತ್ತಿದ್ದವು. ಕುಳಿ ತುಂಬಿಸಿಕೊಂಡವರೂ ಹಲ್ಲು ಕೀಳಿಸಿಕೊಂಡವರೂ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಮೆಟ್ಟಿಲಿಳಿಯುವ ಮುನ್ನ ಒಂದು ಮಾತು ಕೇಳಿ ಹೋಗುತ್ತಿದ್ದರು: "ಡಾಕ್ಟರೇ, ಯಾವ ಪೇಸ್ಟ್ ಒಳ್ಳೆಯದು?" ಈ ಅಂಕಣಕ್ಕೆ ಬರುವ ಪತ್ರಗಳ ಕಥೆಯೂ ಅಷ್ಟೇ. ಈ ಸಲ ಪೇಸ್ಟಿನ ಪತ್ರಗಳನ್ನೇ ಒಟ್ಟುಮಾಡಿ ಕುಳಿತಿದ್ದೇನೆ.

ಪ್ರಶ್ನೆ: ನಮ್ಮದು ಒಂಬತ್ತು ಜನರ ಮನೆ. ಮಾವನವರಿಗೆ ಕೆಂಪು ಹಲ್ಲುಪುಡಿಯೇ ಆಗಬೇಕು. ಅತ್ತೆ ಈಗಲೂ ಭತ್ತದ ಉಮಿ ಸುಟ್ಟ ಬೂದಿಗೆ ಉಪ್ಪು ಬೆರೆಸಿ ಬೆರಳಿನಲ್ಲಿ ಉಜ್ಜುತ್ತಾರೆ. ಯಜಮಾನರಿಗೆ ಲವಂಗದ ಪೇಸ್ಟ್, ಮೈದುನನಿಗೆ ನೀಲಿ ಜೆಲ್, ವಾರಗಿತ್ತಿಗೆ ಹಲ್ಲು ಬೆಳ್ಳಗೆ ಮಾಡುವುದು, ಮೂರು ಮಕ್ಕಳಿಗೆ ಸ್ಟ್ರಾಬೆರಿಯದು. ನಾನು ಎಲ್ಲಕ್ಕಿಂತ ಅಗ್ಗದ ಬಿಳಿ ಪೇಸ್ಟಿನವಳು. ಬಚ್ಚಲಿನ ಕಟ್ಟೆಯ ಮೇಲೆ ಐದು ಟ್ಯೂಬು, ಎರಡು ಡಬ್ಬಿ. ತಿಂಗಳ ಸಾಮಾನಿನ ಚೀಟಿ ಬರೆಯುವವಳು ನಾನೇ ಆದ್ದರಿಂದ ಕೇಳುತ್ತಿದ್ದೇನೆ. ಎಲ್ಲರಿಗೂ ಒಂದೇ ತರಬಹುದೇ? ತಂದರೆ ಯಾವುದು?
— ಒಬ್ಬ ಸೊಸೆ, ಹೊಸನಗರ ತಾಲ್ಲೂಕು

ಉತ್ತರ: ತರಬಹುದು ತಂಗಿ. ನಿಮ್ಮ ಆ ಅಗ್ಗದ ಬಿಳಿ ಪೇಸ್ಟೇ ಸಾಕಾಗುವ ಸಾಧ್ಯತೆ ಹೆಚ್ಚು. ಆದರೆ ನಾನು ಕಂಪನಿಯ ಹೆಸರು ಹೇಳುವವಳಲ್ಲ. ಟ್ಯೂಬನ್ನು ಮಗುಚಿ ಹಿಂಬದಿ ನೋಡಿ. ಮುಂಬದಿಯಲ್ಲಿರುವುದೆಲ್ಲ ಜಾಹೀರಾತು, ಹೊಳೆಯುವ ಹಲ್ಲು, ಚಿಮ್ಮುವ ನೀರು, ಪುದೀನದ ಎಲೆ. ಹಿಂಬದಿಯ ಸಣ್ಣಕ್ಷರದಲ್ಲಿ ಸೋಡಿಯಂ ಫ್ಲೋರೈಡ್, ಸೋಡಿಯಂ ಮಾನೋಫ್ಲೋರೋಫಾಸ್ಫೇಟ್, ಸ್ಟ್ಯಾನಸ್ ಫ್ಲೋರೈಡ್ ಎಂಬ ಮೂರರಲ್ಲಿ ಒಂದು ಹೆಸರು ಇದೆಯೇ, ಪಕ್ಕದಲ್ಲಿ 1000 ಪಿಪಿಎಂ ಅಥವಾ ಅದರ ಆಸುಪಾಸಿನ ಅಂಕಿ ಇದೆಯೇ ಎಂದು ಹುಡುಕಿ. ಕಣ್ಣಿಗೆ ಹಿಡಿಯದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಓದಿಸಿ. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ದಾಟುವಂತಿಲ್ಲ, ಅಂದರೆ ಒಂದು ಕಿಲೋ ಪೇಸ್ಟಿನಲ್ಲಿ ಒಂದು ಗ್ರಾಂ. ಎಷ್ಟಿದೆಯೆಂದು ಟ್ಯೂಬಿನ ಮೇಲೂ ಅದರ ರಟ್ಟಿನ ಡಬ್ಬದ ಮೇಲೂ ಬರೆಯಲೇಬೇಕು. ಆ ಅಂಕಿ ಸಿಕ್ಕಿತೆಂದರೆ ಆಯ್ಕೆ ಮುಗಿಯಿತು. ಮಿಕ್ಕಿದ್ದು ನಾಲಿಗೆಯ ರುಚಿ, ಕೈಯಲ್ಲಿರುವ ದುಡ್ಡು.

ಅದೊಂದಕ್ಕೇ ಏಕಿಷ್ಟು ಹಟ ಎನ್ನುತ್ತೀರಾ? ನಮ್ಮ ಕಡೆ ಮಳೆಗಾಲದಲ್ಲಿ ಧರೆ ಜರಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಹಲ್ಲಿನ ಮೇಲಿನ ಪಾಚಿಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹುಳಿ ಮಾಡುತ್ತವೆ. ಹುಳಿಯ ಅಳತೆ ಪಿಎಚ್ 5.5ಕ್ಕಿಂತ ಕೆಳಗಿಳಿಯಿತೆಂದರೆ ಹಲ್ಲಿನ ಹೊರಕವಚದ ಖನಿಜ ಕರಗಿ ಜರಿಯತೊಡಗುತ್ತದೆ. ಜೊಲ್ಲು ಒಳ್ಳೆಯ ಆಳು. ಜರಿದ ಮಣ್ಣನ್ನು ಮತ್ತೆ ತಂದು ಕಟ್ಟುತ್ತದೆ. ಆ ಹೊತ್ತಿಗೆ ಫ್ಲೋರೈಡ್ ಅಲ್ಲಿದ್ದರೆ ಮಣ್ಣಿನ ಜೊತೆ ಕಲ್ಲೂ ಕೂರುತ್ತದೆ. ಹಾಗೆ ಕಟ್ಟಿದ ಜಾಗ ಸುಮಾರು 4.5ರವರೆಗೆ ಹುಳಿಯನ್ನು ತಡೆದುಕೊಳ್ಳುತ್ತದೆ. ಲವಂಗಕ್ಕೂ ಪುದೀನಕ್ಕೂ ಈ ಕೆಲಸ ಬರುವುದಿಲ್ಲ. ನೊರೆಗಂತೂ ಏನೂ ಬರುವುದಿಲ್ಲ, ಅದು ಸಾಬೂನಿನ ದಾಯಾದಿ.

ಇನ್ನು ನಿಮ್ಮ ಮನೆಯ ಜನ. ಮಾವನವರ ಕೆಂಪು ಪುಡಿಯ ಬಣ್ಣ ಬಹುಮಟ್ಟಿಗೆ ಜಾಜಿನದು. ಹಸೆ ಚಿತ್ತಾರಕ್ಕೆ ಗೋಡೆ ಬಳಿಯುವ ಅದೇ ಕೆಮ್ಮಣ್ಣು. ಅವರೊಡನೆ ಜಗಳ ಬೇಡ. ಬೆಳಿಗ್ಗೆ ಅವರ ಪುಡಿ ಅವರಿಗಿರಲಿ, ರಾತ್ರಿ ಮಾತ್ರ ಬ್ರಷ್ಷು ಪೇಸ್ಟು ಎಂದು ಮೊಮ್ಮಕ್ಕಳ ಬಾಯಲ್ಲಿ ಹೇಳಿಸಿ. ಪುಡಿ ಬಿಡಿಯಾಗಿ ತಂದದ್ದೋ, ಹೆಸರಿಲ್ಲದ ಡಬ್ಬಿಯದೋ ಆಗಿದ್ದರೆ ಮಾತ್ರ ಎಸೆದುಬಿಡಿ. ಹಲ್ಲುಪುಡಿಗೆ, ಪೇಸ್ಟಿಗೆ ತಂಬಾಕು ಬೆರೆಸುವುದನ್ನು ಸರ್ಕಾರ 1992ರಲ್ಲಿಯೇ ನಿಷೇಧಿಸಿದೆ. ಆದರೂ ಕೆಲವು ಪುಡಿಗಳನ್ನು ಬಿಟ್ಟರೆ ತಲೆನೋವು ಬರುತ್ತದೆ ಎಂದು ನನ್ನ ಬಳಿ ಹೇಳಿದವರು ಇದ್ದಾರೆ. ಬಿಟ್ಟರೆ ತಲೆನೋವು ಬರುವ ಪುಡಿ ಹಲ್ಲಿನದಲ್ಲ.

ಅತ್ತೆಯವರ ಬೂದಿಯ ಬಗ್ಗೆ ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ, ಏಕೆಂದರೆ ನನ್ನ ಅಜ್ಜಿಯೂ ಅದೇ. ಏಳನೆಯ ತರಗತಿಯವರೆಗೆ ನಾನೂ ಅವರ ತೆಂಗಿನ ಕರಟದಿಂದಲೇ ಚಿಟಿಕೆ ಬೂದಿ ಎತ್ತಿಕೊಳ್ಳುತ್ತಿದ್ದೆ. "ನನಗೆ ಎಪ್ಪತ್ತಾದರೂ ಒಂದು ಹುಳುಕು ಹಲ್ಲಿಲ್ಲ, ನೀವು ಪೇಸ್ಟಿನವರು ನೋಡಿ" ಎಂದು ಅವರು ಹಂಗಿಸುತ್ತಿದ್ದದ್ದು ನಿಜ, ಅವರ ಬಾಯಲ್ಲಿ ಹುಳುಕಿರಲಿಲ್ಲ ಎನ್ನುವುದೂ ನಿಜ. ದಂತವೈದ್ಯಕೀಯ ಓದಲು ಹೋಗಿ ಎರಡು ವರ್ಷವಾದ ಮೇಲೆ ರಜೆಯಲ್ಲಿ ಬಂದು ಅವರ ಬಾಯಿ ತೆರೆಸಿ ನೋಡಿದೆ. ಹಲ್ಲುಗಳ ಬುಡದಲ್ಲಿ, ಒಸಡಿನ ಅಂಚಿಗೆ, ಕಡಿಯುವ ಮುಂಚೆ ಮರಕ್ಕೆ ಕೊಡಲಿಯಲ್ಲಿ ಕಚ್ಚು ಹಾಕಿದ ಹಾಗೆ ಸಾಲಾಗಿ ಗಾಯಗಳು. ಉಮಿಯ ಬೂದಿಯಲ್ಲಿ ನೂರಕ್ಕೆ ಎಂಬತ್ತೈದರ ಮೇಲೆ ಸಿಲಿಕಾ ಇರುತ್ತದೆ, ಮರಳಿನಲ್ಲಿರುವ ವಸ್ತುವೇ. ಹುಳುಕಿಲ್ಲದ್ದಕ್ಕೆ ಬೂದಿ ಕಾರಣವಲ್ಲ. ಅವರ ಕಾಲದಲ್ಲಿ ಮನೆಯಲ್ಲಿ ಬಿಸ್ಕತ್ತಿರಲಿಲ್ಲ. ಜೋನಿ ಬೆಲ್ಲ ದೋಸೆಯ ದಿನ ತಟ್ಟೆಗೆ ಬರುತ್ತಿತ್ತು, ಊಟವಾದ ಮೇಲೆ ಮತ್ತೆ ಸಂಜೆಯವರೆಗೆ ಬಾಯಿಗೆ ಏನೂ ಬೀಳುತ್ತಿರಲಿಲ್ಲ. ದಿನಕ್ಕೆ ಆರು ಸಲ ಸಕ್ಕರೆ ಕಾಫಿ ಕುಡಿಯುವ ನಾವು ಅವರ ಬೂದಿಯನ್ನು ಮಾತ್ರ ಎರವಲು ತಂದರೆ ಹುಳುಕೂ ಸಿಗುತ್ತದೆ, ಕಚ್ಚೂ ಸಿಗುತ್ತದೆ. ಅತ್ತೆಯವರಿಗೆ ಇದನ್ನು ನೀವು ಹೇಳಬೇಡಿ, ನನ್ನ ಹೆಸರಿನಲ್ಲಿ ಪತ್ರಿಕೆಯನ್ನು ಅವರ ಮುಂದಿಡಿ.

ವಾರಗಿತ್ತಿಯವರ ಬೆಳ್ಳಗಾಗಿಸುವ ಪೇಸ್ಟೂ ಹೆಚ್ಚಾಗಿ ಈ ಬೂದಿಯ ಸಂತತಿಯೇ, ಕೊಂಚ ನಯವಾಗಿ ಅರೆದದ್ದು. ಹಲ್ಲಿನ ಸಹಜ ಬಣ್ಣವೇ ನಸುಹಳದಿ. ಜೆಲ್ಲಿಗೂ ಬಿಳಿ ಪೇಸ್ಟಿಗೂ ಹೇಳಿಕೊಳ್ಳುವಂಥ ಭೇದವಿಲ್ಲ, ಮೈದುನ ಸುಮ್ಮನೆ ಒಪ್ಪಿಕೊಳ್ಳಲಿ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ದೊಡ್ಡವರಿಗೆ ಒಂದು ಸಲಕ್ಕೆ ಅರ್ಧ ಗ್ರಾಂ ಧಾರಾಳ, ಮಕ್ಕಳಿಗೆ ಬಟಾಣಿ ಕಾಳಿನಷ್ಟು, ಅಂದರೆ ಕಾಲು ಗ್ರಾಂ. ದಿನಕ್ಕೆ ಎರಡು ಸಲದಂತೆ ಆರು ಜನ ದೊಡ್ಡವರಿಗೆ ಆರು ಗ್ರಾಂ, ಮೂರು ಮಕ್ಕಳಿಗೆ ಒಂದೂವರೆ. 150 ಗ್ರಾಮಿನ ಒಂದು ಟ್ಯೂಬು ನಿಮ್ಮ ಇಡೀ ಮನೆಗೆ ಇಪ್ಪತ್ತು ದಿನ ಬರಬೇಕು. ಅದಕ್ಕಿಂತ ಮೊದಲೇ ಮುಗಿದರೆ ಯಾರೋ ಜಾಹೀರಾತಿನಲ್ಲಿರುವಂತೆ ಬ್ರಷ್ಷಿನ ಉದ್ದಕ್ಕೂ ಅಲೆ ಎಳೆಯುತ್ತಿದ್ದಾರೆ ಎಂದೇ ಅರ್ಥ. ನನ್ನ ಗುಮಾನಿ ಮೈದುನನ ಮೇಲೆ.

ಇನ್ನೆರಡು ಮಾತು, ಪೇಸ್ಟಿಗಿಂತ ಮುಖ್ಯವಾದವು. ನಿದ್ದೆಯಲ್ಲಿ ಜೊಲ್ಲು ಬತ್ತುತ್ತದೆ, ಹಲ್ಲು ಕಾಯುವ ಆಳು ಇಲ್ಲದ ಹೊತ್ತು ಅದು. ಬೆಳಿಗ್ಗೆಯ ಉಜ್ಜುವಿಕೆಯನ್ನು ನಮ್ಮವರು ಮಡಿಯಂತೆ ಪಾಲಿಸುತ್ತಾರೆ, ರಾತ್ರಿಯದನ್ನು ಬಿಡುತ್ತಾರೆ. ನನ್ನನ್ನು ಕೇಳಿದರೆ ಬಿಡಲೇಬಾರದ್ದು ರಾತ್ರಿಯದು. ಮತ್ತೆ, ಉಜ್ಜಿದ ಮೇಲೆ ಚೊಂಬುಗಟ್ಟಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಗಂಟಲಿಗೆ ಬೆರಳು ಹಾಕಿ ಊರಿಗೆಲ್ಲ ಕೇಳುವಂತೆ ಕ್ಯಾಕರಿಸುವ ಪದ್ಧತಿ ನಮ್ಮಲ್ಲಿದೆ. ಹಚ್ಚಿದ ಫ್ಲೋರೈಡೆಲ್ಲ ಆ ನೀರಿನೊಡನೆ ಬಚ್ಚಲಿನ ಬಾಳೆಗಿಡದ ಬುಡಕ್ಕೆ ಹೋಗುತ್ತದೆ. ನೊರೆ ಉಗಿದು ಸುಮ್ಮನಾಗಿ. ಮೊದಲ ವಾರ ಬಾಯಿ ಅಂಟಂಟು ಎನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಪ್ರಶ್ನೆ: ಎರಡೂವರೆ ವರ್ಷದ ಮಗ ಪೇಸ್ಟನ್ನು ಉಗುಳುವುದೇ ಇಲ್ಲ, ಮಿಠಾಯಿಯಂತೆ ನುಂಗುತ್ತಾನೆ. ಟ್ಯೂಬನ್ನೇ ಚೀಪುವುದನ್ನೂ ಒಮ್ಮೆ ನೋಡಿದೆ. ಅಪಾಯವೇ?
— ತಾಯಿ, ವಿನೋಬನಗರ, ಶಿವಮೊಗ್ಗ

ಉತ್ತರ: ಬ್ರಷ್ಷಿನಿಂದ ನುಂಗಿದ್ದಕ್ಕೆ ಹೆದರಬೇಡಿ, ಟ್ಯೂಬಿಗೆ ಮಾತ್ರ ಹೆದರಿ. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು ಪೇಸ್ಟನ್ನು ಬ್ರಷ್ಷಿಗೆ ಸವರಿದರೆ ಸಾಕು. ಅದರಲ್ಲಿರುವ ಫ್ಲೋರೈಡ್ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು. ನುಂಗಿದರೂ ನಡೆಯುತ್ತದೆ. ಆದರೆ 1000 ಪಿಪಿಎಂನ 100 ಗ್ರಾಂ ಟ್ಯೂಬಿನಲ್ಲಿ 100 ಮಿಲಿಗ್ರಾಂ ಇದೆ. ಮಗುವಿನ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಒಳಹೋದರೆ ಆಸ್ಪತ್ರೆಗೆ ಓಡಲೇಬೇಕೆಂಬುದು ವೈದ್ಯರ ಲೆಕ್ಕ. ನಿಮ್ಮವನು ಹನ್ನೆರಡು ಕಿಲೋ ಇದ್ದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಟ್ಯೂಬು. ಹಾಗೇನಾದರೂ ಆದರೆ ಹಾಲು ಕುಡಿಸಿ, ಟ್ಯೂಬನ್ನೂ ಕೈಯಲ್ಲಿ ಹಿಡಿದುಕೊಂಡು ಹೊರಡಿ. ಪೇಸ್ಟು ಉಪ್ಪಿನಕಾಯಿ ಜಾಡಿಯ ಎತ್ತರದಲ್ಲಿರಲಿ. ಸ್ಟ್ರಾಬೆರಿ ರುಚಿ ನನಗೆ ಇಷ್ಟವಿಲ್ಲದಿರುವುದು ಇದಕ್ಕೇ; ತಿನ್ನಬಾರದ್ದನ್ನು ತಿನ್ನುವ ಹಾಗೆ ಮಾಡಿಟ್ಟು ಆಮೇಲೆ ನುಂಗಬೇಡ ಎಂದು ಮಗುವಿಗೆ ಬೈಯುವುದು ಯಾವ ನ್ಯಾಯ? ಅದೂ ಅಲ್ಲದೆ ಮಕ್ಕಳ ಪೇಸ್ಟುಗಳಲ್ಲಿ ಕೆಲವದರಲ್ಲಿ ಫ್ಲೋರೈಡ್ ಅರ್ಧದಷ್ಟಿರುತ್ತದೆ, ಕೆಲವದರಲ್ಲಿ ಇಲ್ಲವೇ ಇಲ್ಲ, ಬೆಲೆ ಮಾತ್ರ ಜಾಸ್ತಿ. ಏಳು ವರ್ಷದವರೆಗೆ ನೀವೇ ಕೂತು ಉಜ್ಜಿಸಿ. ಅಂಗಿಯ ಗುಂಡಿ ಹಾಕಿಕೊಳ್ಳಲು ತಿಣುಕುವ ಕೈಗೆ ಹಿಂದಿನ ದವಡೆಹಲ್ಲು ಸಿಗುವುದಿಲ್ಲ.

ಪ್ರಶ್ನೆ: ಪಾವಗಡ ತಾಲ್ಲೂಕಿನಲ್ಲಿ ಒಂಬತ್ತು ವರ್ಷ ಶಿಕ್ಷಕನಾಗಿದ್ದು ಕಳೆದ ವರ್ಷ ಕೊಪ್ಪಕ್ಕೆ ವರ್ಗವಾಗಿ ಬಂದಿದ್ದೇನೆ. ಅಲ್ಲೇ ಬೆಳೆದ ಹತ್ತು ವರ್ಷದ ಮಗಳ ಮುಂದಿನ ಹಲ್ಲುಗಳಲ್ಲಿ ಕಂದು ಕಲೆಗಳಿವೆ. ಅದು ಫ್ಲೋರೈಡಿನಿಂದ ಎಂದು ವೈದ್ಯರು ಹೇಳಿದ ಮೇಲೆ ಮನೆಯಾಕೆ ಫ್ಲೋರೈಡ್ ಇಲ್ಲದ ಗಿಡಮೂಲಿಕೆಯ ಪೇಸ್ಟನ್ನೇ ತರುತ್ತಿದ್ದಾಳೆ. ನೀವು ಅದೇ ಫ್ಲೋರೈಡನ್ನು ಹೊಗಳುತ್ತೀರಿ. ಯಾರನ್ನು ನಂಬುವುದು?
— ಶಿಕ್ಷಕ, ಕೊಪ್ಪ

ಉತ್ತರ: ಮೇಷ್ಟ್ರೇ, ಇಬ್ಬರನ್ನೂ ನಂಬಿ. ಈ ಗೊಂದಲ ನೂರು ವರ್ಷಕ್ಕೂ ಹಳೆಯದು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಫ್ರೆಡರಿಕ್ ಮೆಕೇ ಎಂಬ ಎಳೆಯ ದಂತವೈದ್ಯ ಬಂದು ನೋಡುತ್ತಾನೆ, ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ನಿಮ್ಮ ಮಗಳದ್ದರಂತೆ ಕಂದು. ಹಂದಿಮಾಂಸದಿಂದ, ಕೆಟ್ಟ ಹಾಲಿನಿಂದ ಎಂದೆಲ್ಲ ಊರವರು ಹೇಳುತ್ತಿದ್ದರು. ಇನ್ನೂ ವಿಚಿತ್ರವೆಂದರೆ ಆ ಕಂದು ಹಲ್ಲುಗಳಲ್ಲಿ ಹುಳುಕು ಕಡಿಮೆ. ಮೂವತ್ತು ವರ್ಷ ಬೆನ್ನು ಹತ್ತಿದ ಮೇಲೆ, 1931ರಲ್ಲಿ, ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಎಂಬಾತ ನೀರನ್ನು ಪರೀಕ್ಷಿಸಿದಾಗ ಫ್ಲೋರೈಡ್ ಸಿಕ್ಕಿತು. ಹೆಚ್ಚಾದರೆ ಕಲೆ, ಹಿತಮಿತವಾಗಿದ್ದರೆ ಕಾವಲು. 1945ರಲ್ಲಿ ಅದೇ ದೇಶದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಲೀಟರಿಗೆ ಒಂದು ಮಿಲಿಗ್ರಾಮಿನ ಅಳತೆಯಲ್ಲಿ ಅದನ್ನು ನಲ್ಲಿನೀರಿಗೆ ತಾನಾಗಿಯೇ ಬೆರೆಸಿತು.

ನಿಮ್ಮ ಮಗಳ ಕಲೆಗೆ ಕಾರಣ ಪಾವಗಡದ ಕೊಳವೆಬಾವಿಯೇ ಹೊರತು ಪೇಸ್ಟಲ್ಲ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡಿರುವ ನೀರನ್ನು ಮಗು ದಿನಕ್ಕೊಂದು ಲೀಟರ್ ಕುಡಿದರೆ 3 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ಅದೇ ನೀರಿನಲ್ಲಿ ಬೆಂದ ಅನ್ನ, ಸಾರು ಬೇರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬಟಾಣಿಯಷ್ಟು ಪೇಸ್ಟಿನಲ್ಲಿರುವುದು ಕಾಲು ಮಿಲಿಗ್ರಾಂ, ಅದರಲ್ಲೂ ಬಹುಪಾಲು ಉಗಿದದ್ದು. ಕುಡಿಯುವ ನೀರಿಗೆ ನಮ್ಮ ದೇಶದಲ್ಲಿ ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1.5. ನಮ್ಮ ಕಡೆಯ ತೆರೆದ ಬಾವಿ, ಹಳ್ಳ, ಅಬ್ಬಿನೀರಿನಲ್ಲಿ ಅದು ಸಾಮಾನ್ಯವಾಗಿ ತೀರಾ ಕಡಿಮೆ. ಬಯಲುಸೀಮೆಯವರಿಗೆ ನೀರೇ ಬೇಡವೆಂದರೂ ಕೊಡುವುದನ್ನು ಮಲೆನಾಡಿನವರು ಪೇಸ್ಟಿನಿಂದಲೇ ಪಡೆಯಬೇಕು.

ಇನ್ನೊಂದು ಸಮಾಧಾನ. ಫ್ಲೋರೈಡಿನ ಕಲೆ ಬೀಳುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ ಮಾತ್ರ. ಅಕ್ಕಲ್ಲೊಂದನ್ನು, ಅಂದರೆ ಬುದ್ಧಿಹಲ್ಲನ್ನು ಬಿಟ್ಟರೆ ಮಿಕ್ಕ ಹಲ್ಲುಗಳ ತಲೆಭಾಗ ಎಂಟು ವರ್ಷದ ಹೊತ್ತಿಗೆ ಒಳಗೇ ಸಿದ್ಧವಾಗಿರುತ್ತದೆ. ನಿಮ್ಮ ಮಗಳಿಗೆ ಹತ್ತು. ಈಗ ಯಾವ ಪೇಸ್ಟೂ ಆ ಕಲೆಯನ್ನು ಹೆಚ್ಚಿಸುವುದಿಲ್ಲ, ಯಾವ ಪೇಸ್ಟೂ ಅಳಿಸುವುದೂ ಇಲ್ಲ. ಮೇಲ್ಪದರವನ್ನು ನವಿರಾಗಿ ತೀಡುವ, ಹಲ್ಲಿನ ಬಣ್ಣದ ಲೇಪ ಕೊಡುವ ಚಿಕಿತ್ಸೆಗಳಿವೆ. ಹದಿನೈದು ಹದಿನಾರರ ಹೊತ್ತಿಗೆ ಅವಳೇ ಕೇಳಿದರೆ ಮಾಡಿಸಿ. ಅಲ್ಲಿಯವರೆಗೆ ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೋ ಎಂದು ಯಾರೂ ಹೇಳದಿರಲಿ.

ಪ್ರಶ್ನೆ: ಅಡಿಕೆ ಬೆಳೆಗಾರ, ವಯಸ್ಸು ಐವತ್ತೆಂಟು. ದಿನಕ್ಕೆ ಏಳೆಂಟು ಕವಳ. ಮಾರ್ಚಿನಲ್ಲಿ ಮಗಳ ಮದುವೆ. ಹಲ್ಲಿನ ಕರೆ ಹೋಗುವುದಕ್ಕೆ ಇದ್ದಿಲಿನ ಕಪ್ಪು ಪೇಸ್ಟ್ ಆಗಬಹುದೇ? ತಂಬಾಕು ಹಾಕುವುದಿಲ್ಲ, ಹಾಗಾಗಿ ಬೇರೆ ಭಯವಿಲ್ಲ.
— ಶೃಂಗೇರಿ ಸೀಮೆಯವ

ಉತ್ತರ: ಅಡಿಕೆ ಬೇಯಿಸುವ ಹಂಡೆಗೆ ಹಿಡಿದ ಚೊಗರು ಬೂದಿಯಲ್ಲಿ ತಿಕ್ಕಿದರೆ ಹೋಗುತ್ತದೆಯೇ? ನಿಮ್ಮ ಹಲ್ಲಿಗೆ ಹಿಡಿದದ್ದೂ ಅದೇ ಚೊಗರು, ಜೊತೆಗೆ ಪಾಚಿ ಗಟ್ಟಿಯಾಗಿ ಗಾರೆಯಂತಾದ ಕಿಟ್ಟ. ಇದ್ದಿಲಿನ ಪೇಸ್ಟಿನಲ್ಲಿ ಆರು ತಿಂಗಳು ತಿಕ್ಕಿದರೆ ಹಲ್ಲು ಸವೆದೀತು, ಕಿಟ್ಟ ಕದಲದು. ದಂತವೈದ್ಯರ ಬಳಿ ಅರ್ಧ ಗಂಟೆ ಕೂತು ಯಂತ್ರದಲ್ಲಿ ಸ್ವಚ್ಛ ಮಾಡಿಸಿಕೊಳ್ಳಿ. ಅದರಿಂದ ಹಲ್ಲು ಸಡಿಲವಾಗುತ್ತದೆ ಎಂಬುದು ಸುಳ್ಳು. ಸಡಿಲವಾಗಿದ್ದ ಹಲ್ಲನ್ನು ಕಿಟ್ಟ ಹಿಡಿದು ನಿಲ್ಲಿಸಿರುತ್ತದೆ, ಕಿಟ್ಟ ಹೋದಾಗ ನಿಜ ಗೊತ್ತಾಗುತ್ತದೆ ಅಷ್ಟೆ.

ಭಯವಿಲ್ಲ ಎಂದಿರಲ್ಲ, ಅಲ್ಲಿ ನನ್ನ ಪೆನ್ನು ನಿಂತಿತು. ನನ್ನ ಓದಿನ ಫೀಸು ಕಟ್ಟಿದ್ದು ಅಪ್ಪ ಶಿವಮೊಗ್ಗದ ಮಂಡಿಗೆ ಹಾಕಿದ ರಾಶಿ ಅಡಿಕೆ. ಕವಳದ ತಟ್ಟೆ ಮುಂದಿಡದೆ ನಮ್ಮ ಮನೆಯಲ್ಲಿ ನೆಂಟರನ್ನು ಮಾತಾಡಿಸಿದ್ದಿಲ್ಲ. ಆದರೂ ಬಾಯಿ ನೋಡುವವಳಾಗಿ ಹೇಳಬೇಕು: ತಂಬಾಕಿಲ್ಲದ ಕವಳವೂ, ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಮಾರುಕಟ್ಟೆಯ ದರಕ್ಕೆ ಹೆದರಿ ನಾನು ಇದನ್ನು ಬರೆಯದೆ ಬಿಟ್ಟರೆ ಈ ಅಂಕಣಕ್ಕೆ ಅರ್ಥವಿಲ್ಲ. ಅದಕ್ಕೂ ಮುಂಚೆ ಬರುವುದು ಕೆನ್ನೆಯ ಒಳಮೈ ಬಿಳಿಚಿ ಬಿಗಿಯುವ ರೋಗ. ಉಪ್ಪಿನಕಾಯಿ ನಾಲಿಗೆಗೆ ತಾಗಿದರೆ ಉರಿ, ಬಾಯಿ ದಿನೇದಿನೇ ಚಿಕ್ಕದಾಗುತ್ತದೆ. ಇವತ್ತೇ ಕನ್ನಡಿಯ ಮುಂದೆ ನಿಂತು ತೋರು, ನಡು, ಉಂಗುರ ಬೆರಳು ಮೂರನ್ನೂ ಒಂದರ ಮೇಲೊಂದು ಜೋಡಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಮೂರೂ ಹೋದರೆ ಸರಿ. ಎರಡಕ್ಕೇ ನಿಂತರೆ ಮದುವೆ ಫೋಟೋದ ಮಾತು ಬಿಟ್ಟು ಅದೇ ವಾರ ವೈದ್ಯರಿಗೆ ತೋರಿಸಿ. ಬೆಳೆಯಿರಿ, ಮಾರಿ. ನಿಮ್ಮ ಬಾಯಿಗೆ ಹಾಕಿಕೊಳ್ಳುವುದನ್ನು ಕಡಿಮೆ ಮಾಡುತ್ತಾ ಬಂದು ಬಿಡಿ ಎನ್ನುವುದಷ್ಟೇ ನನ್ನ ಬೇಡಿಕೆ.

ಪ್ರಶ್ನೆ: ಟ್ಯೂಬಿನ ತುದಿಯಲ್ಲಿ ಹಸಿರು ಪಟ್ಟಿಯಿದ್ದರೆ ನೈಸರ್ಗಿಕ, ಕಪ್ಪಿದ್ದರೆ ಪೂರ್ತಿ ರಾಸಾಯನಿಕ ಎಂದು ಮೊಬೈಲಿನಲ್ಲಿ ಬಂದಿದೆ. ನಿಜವೇ?
— ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ಅಲ್ಲ. ಟ್ಯೂಬನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮುಚ್ಚಬೇಕು ಎಂದು ಯಂತ್ರದ ಕಣ್ಣಿಗೆ ತೋರಿಸುವ ಗುರುತು ಅದು. ಹಿನ್ನೆಲೆಗೆ ಎದ್ದು ಕಾಣುವ ಯಾವ ಬಣ್ಣವಾದರೂ ನಡೆಯುತ್ತದೆ. ನೀರೂ ಒಂದು ರಾಸಾಯನಿಕವೇ ಎಂದು ಕಳುಹಿಸಿದವರಿಗೆ ತಿಳಿಸಿ.

ಪ್ರಶ್ನೆ: ಕಬ್ಬಿನಹಾಲು ಕುಡಿದರೆ, ಬೆಳಿಗ್ಗೆ ತಣ್ಣೀರು ಮುಕ್ಕಳಿಸಿದರೆ ಹಲ್ಲು ಜುಂ ಎನ್ನುತ್ತದೆ. ಅದಕ್ಕೆಂದೇ ಇರುವ ದುಬಾರಿ ಪೇಸ್ಟ್ ತಂದು ನಾಲ್ಕು ದಿನ ಬಳಸಿದೆ, ಏನೂ ಆಗಲಿಲ್ಲ. ಮೋಸವೇ?
— ನಿವೃತ್ತ ಕಾರ್ಮಿಕ, ಭದ್ರಾವತಿ

ಉತ್ತರ: ನಾಲ್ಕು ದಿನ ಸಾಲದು. ಅಂಥ ಪೇಸ್ಟುಗಳಲ್ಲಿ ಹಲವದರಲ್ಲಿ ಇರುವುದು ಪೊಟ್ಯಾಸಿಯಂ ನೈಟ್ರೇಟ್, ನೂರಕ್ಕೆ ಐದರಂತೆ. ಅದು ಹಲ್ಲಿನೊಳಗಿನ ನರವನ್ನು ನಿಧಾನವಾಗಿ ಸಮಾಧಾನ ಮಾಡುತ್ತದೆ. ಎರಡರಿಂದ ನಾಲ್ಕು ವಾರ ಬೇಕು, ಬಿಟ್ಟರೆ ಮತ್ತೆ ಜುಂ ಶುರುವಾಗುತ್ತದೆ. ಆದರೆ ಎಲ್ಲ ಹಲ್ಲೂ ಜುಂ ಎನ್ನುತ್ತವೆಯೋ, ಒಂದೇ ಒಂದೋ ನೋಡಿಕೊಳ್ಳಿ. ಒಂದೇ ಹಲ್ಲಾದರೆ ಅಲ್ಲಿ ಕುಳಿಯೋ ಬಿರುಕೋ ಇರುತ್ತದೆ, ಪೇಸ್ಟಿನ ಕೆಲಸವಲ್ಲ. ಎಲ್ಲವೂ ಆದರೆ ಬ್ರಷ್ಷನ್ನು ತೋರಿಸಿ ಎನ್ನುತ್ತೇನೆ. ಕಾರ್ಖಾನೆಯಲ್ಲಿ ತುಕ್ಕು ಕೆರೆದ ಕೈ ಹಲ್ಲನ್ನೂ ಹಾಗೆಯೇ ಕೆರೆಯುವುದನ್ನು ನೋಡಿದ್ದೇನೆ. ತಿಂಗಳೊಳಗೆ ಅವರ ಬ್ರಷ್ಷು ತುಳಿದ ಗರಿಕೆಯಂತಾಗಿರುತ್ತದೆ. ಮೆತ್ತನೆಯ ಬ್ರಷ್ ಕೊಳ್ಳಿ, ಅದನ್ನು ಪೆನ್ಸಿಲ್ ಹಿಡಿದಂತೆ ಹಿಡಿಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಬ್ರಷ್ಷಿನ ಬುಡಕ್ಕೆ ಕಪ್ಪಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಹಾಕಿಟ್ಟರೂ ಅಷ್ಟೇ. ಏನು ಮಾಡುವುದು?
— ಗೃಹಿಣಿ, ಆಗುಂಬೆ

ಉತ್ತರ: ಮುಚ್ಚಳ ಹಾಕುವುದರಿಂದಲೇ ಹಿಡಿಯುವುದು. ನಿಮ್ಮೂರಿನಲ್ಲಿ ಜುಲೈ ತಿಂಗಳು ಬಟ್ಟೆಯೇ ಒಣಗುವುದಿಲ್ಲ, ಮುಚ್ಚಿಟ್ಟ ಬ್ರಷ್ ಒಣಗುವುದುಂಟೇ? ಬಚ್ಚಲಿನಿಂದ ಹೊರಗೆ, ತಲೆ ಮೇಲಾಗಿ, ಗಾಳಿಯಾಡುವ ಕಡೆ ನಿಲ್ಲಿಸಿ. ಬೂಷ್ಟು ಹಿಡಿದದ್ದನ್ನು ತೊಳೆದು ಬಳಸಬೇಡಿ, ಎಸೆಯಿರಿ. ಹೇಗೂ ಮೂರು ತಿಂಗಳಿಗೊಮ್ಮೆ ಬದಲಿಸಬೇಕಾದ್ದೇ. ನಮ್ಮ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಷ್ಷುಗಳೆಲ್ಲ ಅಡುಗೆಮನೆಯ ಕಿಟಕಿಗೆ, ಒಲೆಯ ಶಾಖ ತಾಗುವಷ್ಟು ಹತ್ತಿರಕ್ಕೆ, ಚಮಚದ ಲೋಟದ ಪಕ್ಕಕ್ಕೆ ವಲಸೆ ಬರುತ್ತವೆ. ನಮ್ಮ ಯಜಮಾನರು ಕರೆಂಟಿಲ್ಲದ ಒಂದು ಸಂಜೆ ನನ್ನ ಬ್ರಷ್ಷಿನ ಹಿಡಿಯಲ್ಲೇ ಕಾಫಿಗೆ ಸಕ್ಕರೆ ಕಲಕಿದ್ದುಂಟು. ಅದನ್ನೂ ಎಸೆದು ಹೊಸದು ತಂದೆ.